ಗಣಕ ಬೀಜಗಣಿತ ಮತ್ತು ಟೆನ್ಸರ್ ಲೆಕ್ಕಾಚಾರ: ಓದಬಲ್ಲ ಕೋವೇರಿಯಂಟ್ ಫಲಿತಾಂಶದ ಕಡೆಗೆ

ಪೀಠಿಕೆ

ಭೌತನಿಯಮಗಳು ವೀಕ್ಷಕನು ಆರಿಸಿಕೊಂಡ ನಿರ್ದೇಶಾಂಕ ವ್ಯವಸ್ಥೆಯನ್ನು ಅವಲಂಬಿಸಬಾರದು ಎಂಬುದು ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಮೂಲ ನಿಲುವು. ಈ ನಿಲುವಿಗೆ ತಕ್ಕ ಗಣಿತ ಭಾಷೆಯನ್ನು ಇಟಲಿಯ ಗ್ರೆಗೋರಿಯೊ ರಿಚ್ಚಿ ಮತ್ತು ತುಲ್ಲಿಯೊ ಲೆವಿ-ಚಿವಿಟಾ ಅವರು 1900ರ ತಮ್ಮ ದೀರ್ಘ ಪ್ರಬಂಧದಲ್ಲಿ ವ್ಯವಸ್ಥಿತವಾಗಿ ಮಂಡಿಸಿದ್ದರು. 1915ರ ನವೆಂಬರಿನಲ್ಲಿ ಐನ್‌ಸ್ಟೈನ್ ಗುರುತ್ವ ಕ್ಷೇತ್ರದ ಸಮೀಕರಣಗಳನ್ನು ಬರೆದದ್ದು ಆ ಭಾಷೆಯಲ್ಲಿಯೇ. ನಿರ್ದೇಶಾಂಕಗಳನ್ನು ಬದಲಿಸಿದಾಗಲೂ ತನ್ನ ರೂಪವನ್ನು ಉಳಿಸಿಕೊಳ್ಳುವ ಇಂಥ ಬರವಣಿಗೆಗೆ ಕೋವೇರಿಯಂಟ್ ರೂಪ ಎಂದು ಹೆಸರು.

ಸಮೀಕರಣ ಒಂದು ಸಾಲಿನಲ್ಲಿ ಅಡಗಿದರೂ ಅದರ ಲೆಕ್ಕಾಚಾರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ನಾಲ್ಕು ಆಯಾಮಗಳಲ್ಲಿ ಮೆಟ್ರಿಕ್ ಟೆನ್ಸರಿಗೆ 10 ಸ್ವತಂತ್ರ ಘಟಕಗಳು. ಅವುಗಳ ಅವಕಲನದಿಂದ ದೊರೆಯುವ ಕ್ರಿಸ್ಟೋಫೆಲ್ ಸಂಕೇತಗಳು 40. ರೀಮನ್ ವಕ್ರತಾ ಟೆನ್ಸರಿನ 256 ಘಟಕಗಳಲ್ಲಿ ಸ್ವತಂತ್ರವಾದವು 20. ಪ್ರತಿಯೊಂದು ಘಟಕವೂ ಅನೇಕ ಪದಗಳ ಮೊತ್ತ. ಈ ದುಡಿಮೆಯನ್ನು ಕಳೆದ ಅರ್ಧ ಶತಮಾನದಿಂದ ಗಣಕಯಂತ್ರ ಹೊತ್ತುಕೊಂಡಿದೆ. ಆದರೆ ಯಂತ್ರವು ಮುದ್ರಿಸುವ ಹಲವು ಪುಟಗಳ ಬೀಜೋಕ್ತಿ ಸರಿಯಾಗಿದ್ದ ಮಾತ್ರಕ್ಕೆ ಅದು ಫಲಿತಾಂಶವಾಗುವುದಿಲ್ಲ. ಅದನ್ನು ಮತ್ತೊಬ್ಬರು ಓದಿ, ಬೇರೆ ವಿಧಾನದಿಂದ ಪಡೆದ ಉತ್ತರದೊಡನೆ ಹೋಲಿಸಿ, ಹೌದು ಅಥವಾ ಅಲ್ಲ ಎನ್ನಲು ಸಾಧ್ಯವಾಗಬೇಕು. ಆ ಸಾಧ್ಯತೆಯನ್ನು ಒದಗಿಸುವುದು ಕೋವೇರಿಯಂಟ್ ರೂಪ. ಆದಕಾರಣ ಓದಬಲ್ಲ ರೂಪಕ್ಕೆ ತರುವ ಕೆಲಸವು ಲೆಕ್ಕ ಮುಗಿದ ಮೇಲಿನ ಅಲಂಕಾರವಲ್ಲ, ಲೆಕ್ಕದ ಅವಿಭಾಜ್ಯ ಅಂಗ. ಈ ಮಾತಿನ ಅರ್ಥವನ್ನೂ ಅದನ್ನು ಸಾಧಿಸುವ ಮಾರ್ಗಗಳನ್ನೂ ಪ್ರಸ್ತುತ ಪ್ರಬಂಧದಲ್ಲಿ ನಿದರ್ಶನಗಳೊಡನೆ ವಿವೇಚಿಸಲಾಗಿದೆ.

ಘಟಕಗಳು ಹೇಳುವುದು, ಟೆನ್ಸರ್ ಹೇಳುವುದು

ಘಟಕಗಳ ಭಾಷೆ ಹೇಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಪ್ರಸಿದ್ಧ ನಿದರ್ಶನವೆಂದರೆ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ 1916ರಲ್ಲಿ ಪ್ರಕಟಿಸಿದ ಪರಿಹಾರ. ಇಂದು ರೂಢಿಯಲ್ಲಿರುವ ನಿರ್ದೇಶಾಂಕಗಳಲ್ಲಿ ಬರೆದಾಗ ಈ ಮೆಟ್ರಿಕ್ಕಿನ ಒಂದು ಘಟಕವು, ತಕ್ಕ ಏಕಮಾನಗಳಲ್ಲಿ ಹೇಳುವುದಾದರೆ, ಕೇಂದ್ರದಿಂದ ದ್ರವ್ಯರಾಶಿಯ ಎರಡು ಪಟ್ಟು ದೂರದಲ್ಲಿ ಅನಂತವಾಗುತ್ತದೆ. ಅಲ್ಲಿ ದೇಶಕಾಲವೇ ಹರಿದುಹೋಗಿದೆಯೇ, ಅಥವಾ ಅಳತೆಗೆ ಬಳಸಿದ ನಿರ್ದೇಶಾಂಕಗಳು ಮಾತ್ರ ಕೈಕೊಟ್ಟಿವೆಯೇ? ಘಟಕಗಳ ಪಟ್ಟಿಯನ್ನು ಎಷ್ಟು ದಿಟ್ಟಿಸಿದರೂ ಈ ಪ್ರಶ್ನೆಗೆ ಉತ್ತರ ದೊರೆಯದು.

ಉತ್ತರ ದೊರೆಯುವುದು ವಕ್ರತಾ ಟೆನ್ಸರನ್ನು ಅದರೊಡನೆಯೇ ಗುಣಿಸಿ, ಎಲ್ಲ ಸೂಚಿಗಳನ್ನೂ ಸಂಕಲಿಸಿ ಪಡೆಯುವ ಕ್ರೆಚ್‌ಮನ್ ಅದಿಶದಿಂದ. ಅದರ ಮೌಲ್ಯ ಎಲ್ಲ ನಿರ್ದೇಶಾಂಕಗಳಲ್ಲಿಯೂ ಒಂದೇ. ಶ್ವಾರ್ಟ್ಸ್‌ಶಿಲ್ಡ್ ಮೆಟ್ರಿಕ್ಕಿಗೆ ಅದು ದ್ರವ್ಯರಾಶಿಯ ವರ್ಗದ 48 ಪಟ್ಟನ್ನು ದೂರದ ಆರನೆಯ ಘಾತದಿಂದ ಭಾಗಿಸಿದಷ್ಟು. ಶಂಕಿತ ಮೇಲ್ಮೈಯಲ್ಲಿ ಇದು ಸಾಂತ ಸಂಖ್ಯೆ: ದ್ರವ್ಯರಾಶಿಯ ನಾಲ್ಕನೆಯ ಘಾತದ ನಾಲ್ಕು ಪಟ್ಟಿನಿಂದ 3ನ್ನು ಭಾಗಿಸಿದಷ್ಟು. ಕೇಂದ್ರದಲ್ಲಿ ಮಾತ್ರ ಅದು ನಿಜವಾಗಿಯೂ ಅನಂತ. ಅನೇಕ ಘಟಕಗಳು ಹೇಳಲಾರದ್ದನ್ನು ಒಂದು ಅದಿಶ ಹೇಳಿತು.

ಇದೇ ಮೇಲ್ಮೈಯ ಬಗ್ಗೆ ಮತ್ತೊಂದು ಮುಖ್ಯವಾದ ಹೆಜ್ಜೆಯನ್ನಿಟ್ಟವರು ಬೆಂಗಳೂರಿನಲ್ಲಿ ಜನಿಸಿದ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ (1938–2017). ಒಂದು ಘಟಕವು ಶೂನ್ಯವಾಗುವ ಸ್ಥಳ ಎಂಬ ವರ್ಣನೆಗೆ ಬದಲಾಗಿ, ದೇಶಕಾಲದ ಸಮಮಿತಿಯನ್ನು ಸೂಚಿಸುವ ಕಿಲ್ಲಿಂಗ್ ಸದಿಶದ ಉದ್ದ ಶೂನ್ಯವಾಗುವ ಮೇಲ್ಮೈ ಎಂಬ ನಿರ್ದೇಶಾಂಕ ನಿರಪೇಕ್ಷ ವರ್ಣನೆಯನ್ನು ಅವರು 1968ರ ಪ್ರಬಂಧದಲ್ಲಿ ಅನ್ವಯಿಸಿದರು. ಹಾಗೆ ನೋಡಿದಾಗ, ಶ್ವಾರ್ಟ್ಸ್‌ಶಿಲ್ಡ್ ಪರಿಹಾರದಲ್ಲಿ ಒಂದೇ ಎಂದು ತೋರುತ್ತಿದ್ದ ಎರಡು ಸಂಗತಿಗಳು, ಅಂದರೆ ನಿಶ್ಚಲವಾಗಿ ನಿಲ್ಲಬಹುದಾದ ಎಲ್ಲೆ ಮತ್ತು ಹೊರಬರಲಾಗದ ಗಡಿ, ತಿರುಗುವ ಕಪ್ಪುರಂಧ್ರದಲ್ಲಿ ಬೇರೆ ಬೇರೆಯಾಗುತ್ತವೆ ಎಂಬುದು ಸ್ಪಷ್ಟವಾಯಿತು. ಕೋವೇರಿಯಂಟ್ ರೂಪವು ತಿಳಿದ ಸಂಗತಿಯನ್ನು ಅಚ್ಚುಕಟ್ಟಾಗಿ ಬರೆಯುವ ಉಪಾಯ ಮಾತ್ರವಲ್ಲ, ತಿಳಿಯದ ಭೇದಗಳನ್ನು ಕಾಣಿಸುವ ಉಪಕರಣವೂ ಹೌದು ಎಂಬುದಕ್ಕೆ ಇದು ಸಾಕ್ಷಿ.

ಗಣಕಯಂತ್ರದ ಪ್ರವೇಶ

ಗುರುತ್ವ ಸಂಶೋಧನೆಗೆ ಗಣಕ ಬೀಜಗಣಿತದ ಪ್ರವೇಶವಾದದ್ದು 1960ರ ದಶಕದಲ್ಲಿ. ಹರ್ಮನ್ ಬಾಂಡಿ ಮತ್ತು ಸಂಗಡಿಗರು ಗುರುತ್ವ ವಿಕಿರಣದ ಅಧ್ಯಯನಕ್ಕಾಗಿ ಬಳಸಿದ, 1962ರಲ್ಲಿ ಪ್ರಕಟವಾದ ಮೆಟ್ರಿಕ್ಕಿನ ರಿಚ್ಚಿ ಟೆನ್ಸರನ್ನು ಕೈಯಿಂದ ಲೆಕ್ಕ ಹಾಕಲು ತಿಂಗಳುಗಟ್ಟಲೆ ಸಮಯ ಹಿಡಿದಿತ್ತು. ಆ ದಶಕದ ಕೊನೆಗೆ ರೇ ಡಿ'ಇನ್ವರ್ನೋ ಲಿಸ್ಪ್ ಭಾಷೆಯನ್ನು ಆಧರಿಸಿ ರಚಿಸಿದ ತಂತ್ರಾಂಶಗಳು ಅದೇ ಲೆಕ್ಕವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿದುವಲ್ಲದೆ ಕೈಬರಹದ ಲೆಕ್ಕದಲ್ಲಿದ್ದ ಸಣ್ಣ ದೋಷಗಳನ್ನೂ ಹೊರಗೆಡವಿದವು. ಮುಂದೆ 1970ರ ದಶಕದಲ್ಲಿ ಸ್ಟಾಕ್‌ಹೋಮಿನ ಇಂಗೆ ಫ್ರಿಕ್ ಅವರ ಶೀಪ್ ತಂತ್ರಾಂಶವು ಈ ಪರಂಪರೆಯನ್ನು ಮುಂದುವರಿಸಿತು. ಇದಕ್ಕೆ ಸಮಾನಾಂತರವಾಗಿ ಕಣಭೌತವಿಜ್ಞಾನದಲ್ಲಿ ಮಾರ್ಟಿನಸ್ ವೆಲ್ಟ್‌ಮನ್ 1963ರಲ್ಲಿ ಸ್ಕೂನ್‌ಸ್ಕಿಪ್ ಎಂಬ ತಂತ್ರಾಂಶವನ್ನು ರಚಿಸಿದ್ದರು.

ಅಂದಿನಿಂದ ಇಂದಿನವರೆಗೆ ಬಂದ ತಂತ್ರಾಂಶಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯವು ಘಟಕಗಳನ್ನು ಲೆಕ್ಕ ಹಾಕುವಂಥವು. ಇವುಗಳಿಗೆ ನಿರ್ದೇಶಾಂಕಗಳನ್ನೂ ನಿರ್ದಿಷ್ಟ ಮೆಟ್ರಿಕ್ಕನ್ನೂ ಕೊಡಬೇಕು. ಉತ್ತರವು ಫಲನಗಳ ಕೋಷ್ಟಕವಾಗಿ ಬರುತ್ತದೆ. ಎರಡನೆಯವು ಸೂಚಿಗಳನ್ನೇ ಸಂಕೇತಗಳಾಗಿ ನಿರ್ವಹಿಸುವಂಥವು. ಇವುಗಳಿಗೆ ಮೆಟ್ರಿಕ್ಕಿನ ಬೆಲೆ ಬೇಕಿಲ್ಲ, ಟೆನ್ಸರುಗಳ ಸಮಮಿತಿಗಳನ್ನು ತಿಳಿಸಿದರೆ ಸಾಕು. ಮ್ಯಾಕ್ಸಿಮಾ ತಂತ್ರಾಂಶದಲ್ಲಿ ಈ ಎರಡು ಕೆಲಸಗಳಿಗೆ ಸಿಟೆನ್ಸರ್ ಮತ್ತು ಐಟೆನ್ಸರ್ ಎಂಬ ಎರಡು ಪ್ರತ್ಯೇಕ ವಿಭಾಗಗಳೇ ಇವೆ. ಎರಡನೆಯ ಬಗೆಯಲ್ಲಿ ಹೊಸೆ ಮಾರ್ಟಿನ್-ಗಾರ್ಸಿಯಾ ಅವರ ಎಕ್ಸ್‌ಆಕ್ಟ್ ಮತ್ತು ಕ್ಯಾಸ್ಪರ್ ಪೀಟರ್ಸ್ ಅವರ ಕಡಾಬ್ರ ಹೆಚ್ಚು ಬಳಕೆಯಲ್ಲಿವೆ. ಕಡಾಬ್ರದಲ್ಲಿ ಸಮೀಕರಣವನ್ನು ಪ್ರಬಂಧಕ್ಕೆ ಅಕ್ಷರ ಜೋಡಿಸುವ ಟೆಕ್ ಭಾಷೆಯ ರೀತಿಯಲ್ಲಿಯೇ ಬರೆಯಬಹುದು. ಯಂತ್ರದ ಬರಹಕ್ಕೂ ಮನುಷ್ಯನ ಬರಹಕ್ಕೂ ಇರುವ ಅಂತರ ಅಷ್ಟರಮಟ್ಟಿಗೆ ಕಿರಿದಾಗುತ್ತದೆ.

ಮೊದಲ ಬಗೆಯ ತಂತ್ರಾಂಶದ ಉತ್ತರ ಓದಲು ಕಷ್ಟವಾಗುವುದು ಸಹಜ. ಎರಡನೆಯ ಬಗೆಯಲ್ಲಿ ಉತ್ತರವು ಆರಂಭದಿಂದಲೂ ಕೋವೇರಿಯಂಟ್ ಆಗಿಯೇ ಇರುತ್ತದೆ. ಆದರೂ ಅದು ಓದಬಲ್ಲದ್ದಾಗಿರುತ್ತದೆ ಎನ್ನುವಂತಿಲ್ಲ. ಅದರ ಕಾರಣವನ್ನು ಮುಂದೆ ಪರಿಶೀಲಿಸಬಹುದು.

ಒಂದೇ ಪದಕ್ಕೆ ನೂರು ವೇಷ

ಸಂಕಲನಗೊಂಡ ಸೂಚಿಗೆ ಸ್ವಂತ ಹೆಸರಿನ ಹಂಗಿಲ್ಲ. ಅದನ್ನು ಕ ಎಂದು ಕರೆದರೂ ಚ ಎಂದು ಕರೆದರೂ ಮೊತ್ತ ಬದಲಾಗದು. ಇಂಥವನ್ನು ಮೂಕ ಸೂಚಿಗಳು ಎನ್ನಬಹುದು. ಓದುಗನ ಕಣ್ಣಿಗೆ ಇದು ಸುಲಭದ ಸಂಗತಿ. ಅಕ್ಷರಗಳನ್ನು ಅಕ್ಷರಗಳಾಗಿಯೇ ಹೋಲಿಸುವ ಯಂತ್ರಕ್ಕೆ ಮಾತ್ರ ಹೆಸರು ಬದಲಾದರೆ ಪದವೇ ಬೇರೆ. ಇದರ ಮೇಲೆ ಟೆನ್ಸರಿನ ಸಮಮಿತಿಗಳು ಸೇರುತ್ತವೆ. ರೀಮನ್ ಟೆನ್ಸರನ್ನು ರ(ಕಖಗಘ) ಎಂದು ಸೂಚಿಸಿದರೆ, ಮೊದಲ ಜೋಡಿಯನ್ನು ಅದಲುಬದಲು ಮಾಡಿದಾಗ ಚಿಹ್ನೆ ಬದಲಾಗುತ್ತದೆ. ಎರಡನೆಯ ಜೋಡಿಯದೂ ಹಾಗೆಯೇ. ಜೋಡಿಗಳನ್ನೇ ಪರಸ್ಪರ ಬದಲಿಸಿದರೆ ಬೆಲೆ ಬದಲಾಗದು.

ಎರಡು ರೀಮನ್ ಟೆನ್ಸರುಗಳ ಗುಣಲಬ್ಧದಿಂದ ಅದಿಶವನ್ನು ರಚಿಸುವ ಪ್ರಸಂಗವನ್ನು ನೋಡಬಹುದು. ಎಂಟು ಸೂಚಿಗಳನ್ನು ಎರಡೆರಡಾಗಿ ಜೋಡಿಸುವ ಬಗೆಗಳು 7 × 5 × 3 = 105. ಮೇಲಿನ ಸಮಮಿತಿಗಳನ್ನೂ ಮೂಕ ಸೂಚಿಗಳ ಸ್ವಾತಂತ್ರ್ಯವನ್ನೂ ಗಣನೆಗೆ ತಂದರೆ ಇವುಗಳಲ್ಲಿ ಹಲವು ಶೂನ್ಯವಾಗುತ್ತವೆ. ಉಳಿದವೆಲ್ಲವೂ ಚಿಹ್ನೆಯ ವ್ಯತ್ಯಾಸವನ್ನು ಬಿಟ್ಟರೆ ಕೇವಲ ನಾಲ್ಕು ಪದಗಳ ವೇಷಾಂತರಗಳು: ಅದಿಶ ವಕ್ರತೆಯ ವರ್ಗ, ರಿಚ್ಚಿ ಟೆನ್ಸರಿನ ವರ್ಗ, ರ(ಕಖಗಘ)ರ(ಕಖಗಘ) ಮತ್ತು ರ(ಕಖಗಘ)ರ(ಕಗಖಘ). ಮೂರು ಟೆನ್ಸರುಗಳಾದರೆ ಜೋಡಣೆಗಳು 10,395. ಆರು ಟೆನ್ಸರುಗಳಾದರೆ 3,000 ಕೋಟಿಯ ಹತ್ತು ಪಟ್ಟಿಗೂ ಹೆಚ್ಚು. ಯಂತ್ರವು ಈ ವೇಷಗಳನ್ನು ಗುರುತಿಸದಿದ್ದರೆ ಪರಸ್ಪರ ರದ್ದಾಗಬೇಕಾದ ಪದಗಳು ಪುಟದ ಮೇಲೆ ಹಾಗೆಯೇ ಉಳಿದು, ಶೂನ್ಯವಾಗಬೇಕಾದ ಉತ್ತರವೂ ಹತ್ತಾರು ಪುಟಗಳಷ್ಟು ಬೆಳೆಯುತ್ತದೆ.

ಪ್ರತಿಯೊಂದು ಪದಕ್ಕೂ ಒಂದು ಪ್ರಮಾಣ ರೂಪವನ್ನು ಗೊತ್ತುಪಡಿಸುವುದೇ ಇದಕ್ಕೆ ಪರಿಹಾರ. ಸಮಾನ ಪದಗಳೆಲ್ಲವೂ ಅದೇ ರೂಪಕ್ಕೆ ಬಂದು ನಿಲ್ಲಬೇಕು. ಎಲ್ಲ ಮರುಜೋಡಣೆಗಳನ್ನೂ ಒಂದೊಂದಾಗಿ ಪರೀಕ್ಷಿಸುವ ಮಾರ್ಗವು ಸೂಚಿಗಳ ಸಂಖ್ಯೆ ಹೆಚ್ಚಿದಂತೆ ಅಸಾಧ್ಯವಾಗುತ್ತದೆ. ಟೆನ್ಸರಿನ ಸ್ಥಾನಗಳ ಸಮಮಿತಿ ಮತ್ತು ಮೂಕ ಸೂಚಿಗಳ ಹೆಸರಿನ ಸ್ವಾತಂತ್ರ್ಯ, ಇವೆರಡನ್ನೂ ಕ್ರಮಯೋಜನೆಗಳ ಎರಡು ಗ್ರೂಪುಗಳಾಗಿ ಕಂಡು, ಗ್ರೂಪ್ ಸಿದ್ಧಾಂತದ ಸಂಕ್ಷಿಪ್ತ ವರ್ಣನೆಗಳ ಮೂಲಕ ಪ್ರಮಾಣ ರೂಪವನ್ನು ನೇರವಾಗಿ ತಲುಪುವ ವಿಧಾನವನ್ನು ಬ್ರೆಜಿಲಿನ ರೆನಾಟೊ ಪೋರ್ತುಗಲ್ ಮತ್ತು ಸಹೋದ್ಯೋಗಿಗಳು ರೂಪಿಸಿದರು. ಗ್ರೆಗ್ ಬಟ್ಲರ್ ಅವರ ಹಿಂದಿನ ಕೆಲಸ ಅದಕ್ಕೆ ತಳಹದಿಯಾಗಿದ್ದುದರಿಂದ ಅದು ಬಟ್ಲರ್–ಪೋರ್ತುಗಲ್ ವಿಧಾನ ಎಂದು ಹೆಸರಾಗಿದೆ. 2008ರಲ್ಲಿ ಪ್ರಕಟವಾದ ಎಕ್ಸ್‌ಪರ್ಮ್ ತಂತ್ರಾಂಶವು ಇದನ್ನು ದಕ್ಷವಾಗಿ ಕಾರ್ಯಗತಗೊಳಿಸಿತು.

ಹಲವು ಪದಗಳನ್ನು ಬೆಸೆಯುವ ನಿತ್ಯಸಮೀಕರಣಗಳು

ಮೇಲೆ ಹೇಳಿದ ನಾಲ್ಕು ಪದಗಳೂ ಪರಸ್ಪರ ಸ್ವತಂತ್ರವಲ್ಲ. ರೀಮನ್ ಟೆನ್ಸರಿಗೆ ಚಕ್ರೀಯ ನಿತ್ಯಸಮೀಕರಣವೊಂದಿದೆ:

ರ(ಕಖಗಘ) + ರ(ಕಗಘಖ) + ರ(ಕಘಖಗ) = 0

ಇದನ್ನು ರ(ಕಖಗಘ)ದಿಂದ ಗುಣಿಸಿ ಎಲ್ಲ ಸೂಚಿಗಳನ್ನೂ ಸಂಕಲಿಸಿದರೆ ಮೊದಲ ಪದವು ರೀಮನ್ ವರ್ಗವಾಗುತ್ತದೆ. ಎರಡನೆಯ ಪದದಲ್ಲಿ ಕೊನೆಯ ಜೋಡಿಯನ್ನು ಬದಲಿಸಿದರೆ, ಮೂರನೆಯ ಪದದಲ್ಲಿ ಗ ಮತ್ತು ಘ ಎಂಬ ಮೂಕ ಸೂಚಿಗಳ ಹೆಸರನ್ನು ಅದಲುಬದಲು ಮಾಡಿದರೆ, ಎರಡೂ ನಾಲ್ಕನೆಯ ಪದದ ಋಣರೂಪಗಳೆಂದು ಕಾಣುತ್ತದೆ. ಆದುದರಿಂದ ರೀಮನ್ ವರ್ಗವು ನಾಲ್ಕನೆಯ ಪದದ ಎರಡರಷ್ಟು. ಅಲ್ಲಿಗೆ 105 ಜೋಡಣೆಗಳು ಅಂತಿಮವಾಗಿ ಮೂರು ಸ್ವತಂತ್ರ ಅದಿಶಗಳಾಗಿ ಇಳಿದವು.

ಈ ಸಣ್ಣ ಲೆಕ್ಕದಲ್ಲಿ ದೊಡ್ಡದೊಂದು ತೊಡಕು ಅಡಗಿದೆ. ಹಿಂದಿನ ಸಮಮಿತಿಗಳು ಒಂದು ಪದವನ್ನು ಮತ್ತೊಂದು ಪದಕ್ಕೆ ಒಯ್ಯುತ್ತಿದ್ದವು. ಚಕ್ರೀಯ ನಿತ್ಯಸಮೀಕರಣವು ಒಂದು ಪದವನ್ನು ಎರಡು ಪದಗಳ ಮೊತ್ತಕ್ಕೆ ಒಯ್ಯುತ್ತದೆ. ಆದಕಾರಣ ಪದಗಳನ್ನು ಬಿಡಿಬಿಡಿಯಾಗಿ ಪ್ರಮಾಣ ರೂಪಕ್ಕೆ ತರುವ ವಿಧಾನ ಇಲ್ಲಿ ಸೋಲುತ್ತದೆ. ಅವಕಲನಗಳು ಸೇರಿದಾಗ ಬಿಯಾಂಕಿ ನಿತ್ಯಸಮೀಕರಣವೂ, ಅವಕಲನಗಳ ಕ್ರಮವನ್ನು ಬದಲಿಸಿದಾಗ ಹುಟ್ಟುವ ಹೆಚ್ಚುವರಿ ವಕ್ರತಾ ಪದಗಳೂ ಕೂಡಿಕೊಳ್ಳುತ್ತವೆ. ಇವುಗಳ ನಿರ್ವಹಣೆಗೆ ಎರಡು ಮಾರ್ಗಗಳು ಬಳಕೆಯಲ್ಲಿವೆ. ಕಡಾಬ್ರವು ಟೆನ್ಸರಿನ ಸಂಪೂರ್ಣ ಸಮಮಿತಿಯನ್ನು ಯಂಗ್ ಕೋಷ್ಟಕಗಳ ಮೂಲಕ ಪ್ರತಿ ಪದದಲ್ಲಿಯೂ ವ್ಯಕ್ತಪಡಿಸುತ್ತದೆ. ಇನ್ನೊಂದು, ಎಲ್ಲ ಸಂಬಂಧಗಳನ್ನೂ ಮೊದಲೇ ಬಿಡಿಸಿ ಸಂಗ್ರಹಿಸಿಟ್ಟುಕೊಳ್ಳುವ ಮಾರ್ಗ. 2007 ಮತ್ತು 2008ರಲ್ಲಿ ಪ್ರಕಟವಾದ ಇನ್ವಾರ್ ತಂತ್ರಾಂಶವು ಮೆಟ್ರಿಕ್ಕಿನ 12 ಅವಕಲನಗಳವರೆಗಿನ ರೀಮನ್ ಅದಿಶಗಳಿಗಾಗಿ ಆರು ಲಕ್ಷಕ್ಕೂ ಮಿಕ್ಕ ಸಂಬಂಧಗಳ ಭಂಡಾರವನ್ನು ಒದಗಿಸಿ, ಯಾವುದೇ ಅಂಥ ಅದಿಶವನ್ನು ಕೆಲವೇ ಸೆಕೆಂಡುಗಳಲ್ಲಿ ಆಧಾರ ಗಣದ ಮೂಲಕ ಬರೆದುಕೊಡುತ್ತದೆ.

ಆಧಾರ ಗಣದ ಗಾತ್ರವನ್ನು ಯಂತ್ರಕ್ಕಿಂತ ಮೊದಲು ಗಣಿತವೇ ನಿಶ್ಚಯಿಸಿತ್ತು. 1992ರಲ್ಲಿ ಫುಲ್ಲಿಂಗ್, ಕಿಂಗ್, ವೈಬೋರ್ನ್ ಮತ್ತು ಕಮಿನ್ಸ್ ಅವರು ಗ್ರೂಪ್ ಸಿದ್ಧಾಂತದ ನೆರವಿನಿಂದ ಪ್ರಕಟಿಸಿದ ಎಣಿಕೆಯಂತೆ ಮೆಟ್ರಿಕ್ಕಿನ ಎರಡು ಅವಕಲನಗಳ ಮಟ್ಟದಲ್ಲಿ ಸ್ವತಂತ್ರ ಅದಿಶ 1, ನಾಲ್ಕರ ಮಟ್ಟದಲ್ಲಿ 4, ಆರರ ಮಟ್ಟದಲ್ಲಿ 17, ಎಂಟರ ಮಟ್ಟದಲ್ಲಿ 92. ಈ ಸಂಖ್ಯೆಗಳು ಸಂಶೋಧಕನಿಗೆ ಕಾವಲುಗಾರರಿದ್ದಂತೆ. ಆರರ ಮಟ್ಟದ ಉತ್ತರದಲ್ಲಿ 17ಕ್ಕಿಂತ ಹೆಚ್ಚು ಪದಗಳು ಉಳಿದಿದ್ದರೆ ಸರಳೀಕರಣ ಪೂರ್ಣವಾಗಿಲ್ಲ ಎಂದೇ ಅರ್ಥ.

ಘಟಕಗಳಿಂದ ಹಿಂದಿರುಗುವ ದಾರಿ

ಅನೇಕ ವೇಳೆ ಲೆಕ್ಕವನ್ನು ಘಟಕಗಳಲ್ಲಿಯೇ ಮಾಡಬೇಕಾಗುತ್ತದೆ. ಆಗಲೂ ಕೋವೇರಿಯಂಟ್ ರೂಪಕ್ಕೆ ಮರಳುವ ಮಾರ್ಗವಿದೆ. ಉತ್ತರವು ಆಧಾರ ಗಣದ ಅದಿಶಗಳ ಮೊತ್ತವಾಗಿರಲೇಬೇಕು ಎಂಬುದು ತಿಳಿದಿರುವಾಗ ತಿಳಿಯದಿರುವುದು ಸಹಗುಣಕಗಳು ಮಾತ್ರ. ಅವನ್ನು ಅಜ್ಞಾತಗಳೆಂದು ಭಾವಿಸಿ, ಸರಳವಾದ ಕೆಲವು ದೇಶಗಳಲ್ಲಿ ಯಂತ್ರದ ಉತ್ತರವನ್ನು ಪಡೆದು, ಸಮೀಕರಣಗಳನ್ನು ಬಿಡಿಸಿದರೆ ಸಾಕು.

ನಾಲ್ಕು ಆಯಾಮಗಳಲ್ಲಿ ವಕ್ರತೆಯ ವರ್ಗದ ಮಟ್ಟದ ಅಪರಿಚಿತ ಅದಿಶವೊಂದನ್ನು ಯಂತ್ರ ಘಟಕಗಳ ಮೂಲಕ ಲೆಕ್ಕ ಹಾಕಿದೆ ಎಂದಿಟ್ಟುಕೊಳ್ಳೋಣ. ಅದನ್ನು ಅದಿಶ ವಕ್ರತೆಯ ವರ್ಗದ ಅ ಪಟ್ಟು, ರಿಚ್ಚಿ ವರ್ಗದ ಆ ಪಟ್ಟು ಮತ್ತು ರೀಮನ್ ವರ್ಗದ ಇ ಪಟ್ಟುಗಳ ಮೊತ್ತವೆಂದು ಬರೆಯಬಹುದು. ಏಕಮಾನ ತ್ರಿಜ್ಯದ ನಾಲ್ಕು ಆಯಾಮದ ಗೋಳದಲ್ಲಿ ಈ ಮೂರು ವರ್ಗಗಳ ಬೆಲೆ ಕ್ರಮವಾಗಿ 144, 36, 24. ಮೂರು ಆಯಾಮದ ಗೋಳಕ್ಕೆ ಒಂದು ಸರಳರೇಖೆಯನ್ನು ಗುಣಿಸಿದ ದೇಶದಲ್ಲಿ 36, 12, 12. ಎರಡು ಆಯಾಮದ ಗೋಳಕ್ಕೆ ಸಮತಲವನ್ನು ಗುಣಿಸಿದ ದೇಶದಲ್ಲಿ 4, 2, 4. ಈ ಮೂರು ದೇಶಗಳಲ್ಲಿ ಯಂತ್ರದ ಉತ್ತರಗಳು ಕ್ರಮವಾಗಿ 24, 0, 0 ಎಂದು ಬಂದಿವೆ ಎನ್ನೋಣ. ಆಗ:

144ಅ + 36ಆ + 24ಇ = 24
36ಅ + 12ಆ + 12ಇ = 0
4ಅ + 2ಆ + 4ಇ = 0

ಇವುಗಳ ಏಕೈಕ ಪರಿಹಾರ ಅ = 1, ಆ = −4, ಇ = 1. ಅಪರಿಚಿತ ಅದಿಶವು ಪ್ರಸಿದ್ಧವಾದ ಗೌಸ್–ಬಾನೆ ಸಂಯೋಜನೆಯೇ ಎಂದು ಗುರುತು ಸಿಕ್ಕಿತು. ಬಳಸದೆ ಉಳಿಸಿಕೊಂಡ ಮತ್ತೊಂದು ದೇಶದಲ್ಲಿ ಇದನ್ನು ಪರೀಕ್ಷಿಸುವುದು ಅಗತ್ಯ. ಎರಡು ಆಯಾಮದ ಎರಡು ಏಕಮಾನ ಗೋಳಗಳ ಗುಣಲಬ್ಧದಲ್ಲಿ ಮೂರು ವರ್ಗಗಳು 16, 4, 8; ಸಂಯೋಜನೆಯ ಬೆಲೆ 16 − 16 + 8 = 8. ಯಂತ್ರವು ಇಲ್ಲಿಯೂ 8 ಎಂದರೆ ಊಹೆ ಸ್ಥಿರಪಟ್ಟಿತು. ಬೇರೆ ಸಂಖ್ಯೆ ಬಂದರೆ ಆಧಾರ ಗಣದಲ್ಲಿಯೋ ಪ್ರೋಗ್ರಾಮಿನಲ್ಲಿಯೋ ದೋಷವಿದೆ.

ಈ ವಿಧಾನದ ಅಪಾಯಗಳನ್ನೂ ಇದೇ ನಿದರ್ಶನ ತೋರಿಸುತ್ತದೆ. ಶ್ವಾರ್ಟ್ಸ್‌ಶಿಲ್ಡ್ ಮೆಟ್ರಿಕ್ಕನ್ನು ಮಾತ್ರ ಪರೀಕ್ಷೆಗೆ ಬಳಸಿದರೆ ಅದಿಶ ವಕ್ರತೆಯೂ ರಿಚ್ಚಿ ಟೆನ್ಸರೂ ಅಲ್ಲಿ ಶೂನ್ಯವಾದುದರಿಂದ ಇ ಒಂದೇ ಗೋಚರಿಸುತ್ತದೆ. ಉಳಿದೆರಡು ಸಹಗುಣಕಗಳು ಏನಿದ್ದರೂ ಪರೀಕ್ಷೆ ತೇರ್ಗಡೆಯಾಗುತ್ತದೆ. ಹಾಗೆಯೇ ಮೇಲಿನ ನಾಲ್ಕು ದೇಶಗಳಲ್ಲಿಯೂ ಅದಿಶ ವಕ್ರತೆ ಎಲ್ಲೆಡೆ ಸಮಾನ. ಈ ಮಟ್ಟದ ನಾಲ್ಕನೆಯ ಸ್ವತಂತ್ರ ಅದಿಶವು ಅದಿಶ ವಕ್ರತೆಯ ಎರಡನೆಯ ಅವಕಲನದಿಂದ ಬರುವಂಥದು. ಅದು ಈ ದೇಶಗಳಲ್ಲೆಲ್ಲ ಶೂನ್ಯವಾಗಿ, ಪರೀಕ್ಷಕನ ಕಣ್ಣಿಗೆ ಬೀಳುವುದೇ ಇಲ್ಲ. ಸಮಮಿತಿ ಹೆಚ್ಚಿದಷ್ಟೂ ದೇಶವು ಲೆಕ್ಕಕ್ಕೆ ಸುಲಭ, ಪರೀಕ್ಷೆಗೆ ದುರ್ಬಲ. ಆದಕಾರಣ ಯಾವ ಸಮಮಿತಿಯೂ ಇಲ್ಲದ ಮೆಟ್ರಿಕ್ಕನ್ನು ಯಾದೃಚ್ಛಿಕವಾದ ಪೂರ್ಣಾಂಕ ಸಹಗುಣಕಗಳ ಬಹುಪದಗಳಿಂದ ರಚಿಸಿ, ಒಂದು ಬಿಂದುವಿನಲ್ಲಿ ನಿಖರವಾದ ಭಿನ್ನರಾಶಿ ಅಂಕಗಣಿತದಿಂದ ಬೆಲೆ ಕಟ್ಟುವುದು ಹೆಚ್ಚು ನಂಬಲರ್ಹ. ದಶಮಾಂಶದ ಸನ್ನಿಹಿತ ಬೆಲೆಗಳಲ್ಲಿ ಕಳೆದುಹೋಗುವ ಶೂನ್ಯವು ಭಿನ್ನರಾಶಿಯಲ್ಲಿ ಶೂನ್ಯವಾಗಿಯೇ ಉಳಿಯುತ್ತದೆ.

ಒಂದು ಭಿನ್ನರಾಶಿಯ ಕಥನ

ಈ ಎಲ್ಲ ಶ್ರಮದ ಹಿಂದೆ ಎಷ್ಟು ದೊಡ್ಡ ಪ್ರಶ್ನೆ ಇರಬಹುದು ಎಂಬುದಕ್ಕೆ ಗುರುತ್ವದ ಕ್ವಾಂಟಂ ಸಿದ್ಧಾಂತದ ಇತಿಹಾಸ ಸಾಕ್ಷಿಯಾಗಿದೆ. ಐನ್‌ಸ್ಟೈನನ ಸಿದ್ಧಾಂತವನ್ನು ಇತರ ಕ್ಷೇತ್ರ ಸಿದ್ಧಾಂತಗಳಂತೆ ಕ್ವಾಂಟೀಕರಿಸಿದಾಗ ಹುಟ್ಟುವ ಅನಂತಗಳನ್ನು ನಿವಾರಿಸಬಹುದೇ ಎಂಬುದು ಪ್ರಶ್ನೆ. 1974ರಲ್ಲಿ ಗೆರಾರ್ಡ್ ಟ್ ಹೂಫ್ಟ್ ಮತ್ತು ವೆಲ್ಟ್‌ಮನ್ ಮೊದಲ ಹಂತದ ಲೆಕ್ಕವನ್ನು ಮುಗಿಸಿದರು. ದ್ರವ್ಯವಿಲ್ಲದ ಗುರುತ್ವಕ್ಕೆ ಅವರ ಉತ್ತರವು ಅದಿಶ ವಕ್ರತೆಯ ವರ್ಗದ 1/120 ಮತ್ತು ರಿಚ್ಚಿ ವರ್ಗದ 7/20 ಎಂಬ ಎರಡು ಪದಗಳಲ್ಲಿ ನಿಂತಿತು. ನಿರ್ವಾತದಲ್ಲಿ ಐನ್‌ಸ್ಟೈನ್ ಸಮೀಕರಣದ ಪ್ರಕಾರ ಎರಡೂ ಶೂನ್ಯ. ಈ ಹಂತದಲ್ಲಿ ಅನಂತ ಉಳಿಯಲಿಲ್ಲ. ರೀಮನ್ ವರ್ಗ ಎಲ್ಲಿ ಹೋಯಿತು ಎಂಬುದು ಇಲ್ಲಿ ಗಮನಾರ್ಹ: ನಾಲ್ಕು ಆಯಾಮಗಳಲ್ಲಿ ಗೌಸ್–ಬಾನೆ ಸಂಯೋಜನೆಯ ಸಮಗ್ರ ಮೊತ್ತವು ದೇಶದ ಸ್ಥಳಾಕೃತಿಯನ್ನು ಮಾತ್ರ ಅವಲಂಬಿಸುವುದರಿಂದ ರೀಮನ್ ವರ್ಗವನ್ನು ಉಳಿದೆರಡರ ಮೂಲಕ ಬರೆದು ತೆಗೆದುಹಾಕಲಾಗಿತ್ತು. ಓದಬಲ್ಲ ರೂಪವೇ ನಿರ್ಣಯವನ್ನು ಒದಗಿಸಿತು.

ಎರಡನೆಯ ಹಂತದಲ್ಲಿ ಅಂಥ ರಕ್ಷಣೆ ಇಲ್ಲ. ಆರರ ಮಟ್ಟದ 17 ಅದಿಶಗಳಲ್ಲಿ, ನಿರ್ವಾತ ಸಮೀಕರಣಗಳನ್ನೂ ಖಂಡಶಃ ಅನುಕಲನವನ್ನೂ ನಾಲ್ಕು ಆಯಾಮದ ನಿತ್ಯಸಮೀಕರಣಗಳನ್ನೂ ಬಳಸಿದ ಮೇಲೆ ಒಂದೇ ಒಂದು ಉಳಿಯುತ್ತದೆ: ಮೂರು ವೈಲ್ ಟೆನ್ಸರುಗಳನ್ನು ಸರಪಳಿಯಂತೆ ಕೊಂಡಿ ಹಾಕಿದ ಅದಿಶ. ಅದರ ಸಹಗುಣಕ ಶೂನ್ಯವೇ, ಅಲ್ಲವೇ ಎಂಬುದರಲ್ಲಿ ಇಡೀ ಪ್ರಶ್ನೆ ಅಡಗಿತ್ತು. 1985 ಮತ್ತು 1986ರಲ್ಲಿ ಮಾರ್ಕ್ ಗೊರೊಫ್ ಮತ್ತು ಅಗುಸ್ಟೊ ಸಾನ್ಯೊಟ್ಟಿ ಗಣಕಯಂತ್ರದ ನೆರವಿನಿಂದ ಮಾಡಿದ ಬೃಹತ್ ಲೆಕ್ಕದ ಕೊನೆಯಲ್ಲಿ ದೊರೆತ ಸಂಖ್ಯಾಭಾಗವು 209/2880. ಶೂನ್ಯವಲ್ಲ. 1992ರಲ್ಲಿ ವಾನ್ ಡೆ ವೆನ್ ಬೇರೆ ಮಾರ್ಗದಿಂದ ಲೆಕ್ಕ ಹಾಕಿ ಅದೇ ಭಿನ್ನರಾಶಿಯನ್ನು ತಲುಪಿದರು. ಎರಡು ಲೆಕ್ಕಗಳ ಮಧ್ಯಂತರ ಪದಗಳನ್ನು ಒಂದೊಂದಾಗಿ ಹೋಲಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಎರಡೂ ಒಂದೇ ಕೋವೇರಿಯಂಟ್ ಪದಕ್ಕೆ ಇಳಿದದ್ದರಿಂದಲೇ ಹೋಲಿಕೆ ಸಾಧ್ಯವಾಯಿತು.

ಕಥನ ಅಲ್ಲಿಗೇ ಮುಗಿಯಲಿಲ್ಲ. 2015ರಲ್ಲಿ ಝ್ವಿ ಬರ್ನ್ ಮತ್ತು ಸಂಗಡಿಗರು ಈ ಸಂಖ್ಯೆಯನ್ನು ಮತ್ತೆ ಪರಿಶೀಲಿಸಿದರು. ಅನಂತಗಳನ್ನು ನಿಯಂತ್ರಿಸಲು ಆಯಾಮವನ್ನು ನಾಲ್ಕರಿಂದ ಕೊಂಚ ಸರಿಸುವುದು ವಾಡಿಕೆ. ಹಾಗೆ ಸರಿಸಿದಾಗ ಗೌಸ್–ಬಾನೆ ಸಂಯೋಜನೆಯು ನಿರುಪದ್ರವಿಯಾಗಿ ಉಳಿಯದೆ ಎರಡನೆಯ ಹಂತದ ಸಹಗುಣಕಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಭೌತಿಕವಾಗಿ ಸಮಾನವಾದ ಬೇರೊಂದು ಕ್ಷೇತ್ರವರ್ಣನೆಯನ್ನು ಆರಿಸಿಕೊಂಡರೆ ಅನಂತದ ಸಹಗುಣಕ ಬದಲಾಗುತ್ತದೆ. ಚದುರಿಕೆಯು ಶಕ್ತಿಮಾನವನ್ನು ಅವಲಂಬಿಸುವ ಬಗೆ ಮಾತ್ರ ಬದಲಾಗದು ಎಂದು ಅವರು ತೋರಿಸಿದರು. ಗಣಕ ಬೀಜಗಣಿತದ ಬಳಕೆದಾರನಿಗೆ ಇದರಲ್ಲಿ ನೇರವಾದ ಪಾಠವಿದೆ. ನಾಲ್ಕು ಆಯಾಮಗಳಿಗೆ ಮಾತ್ರ ಸಲ್ಲುವ ನಿತ್ಯಸಮೀಕರಣವು ಉತ್ತರವನ್ನು ಚೆನ್ನಾಗಿ ಕಿರಿದುಗೊಳಿಸುತ್ತದೆ. ಆದರೆ ಅದನ್ನು ಅಕಾಲದಲ್ಲಿ ಬಳಸಿದರೆ ಉತ್ತರದ ಅರ್ಥವೇ ಕೆಡಬಹುದು. ಯಂತ್ರವು ತನ್ನಷ್ಟಕ್ಕೆ ಅಂಥ ಸರಳೀಕರಣ ಮಾಡದಂತೆ ನೋಡಿಕೊಳ್ಳುವುದು ಸಂಶೋಧಕನ ಹೊಣೆ.

ಫಲಿತಾಂಶದ ನಿರೂಪಣೆ

ಪ್ರಮಾಣ ರೂಪಕ್ಕೆ ಬಂದ ಉತ್ತರವೂ ಓದುಗನನ್ನು ತಲುಪಲು ಕೆಲವು ನಿರ್ಣಯಗಳು ಬೇಕು. ಅವನ್ನು ಯಂತ್ರ ತೆಗೆದುಕೊಳ್ಳಲಾರದು.

ಮೊದಲನೆಯದು ಆಧಾರ ಗಣದ ಆಯ್ಕೆ. ಒಂದೇ ಉತ್ತರವನ್ನು ರೀಮನ್ ಟೆನ್ಸರಿನ ಮೂಲಕವೂ ವೈಲ್ ಟೆನ್ಸರಿನ ಮೂಲಕವೂ ಬರೆಯಬಹುದು. ನಿರ್ವಾತದ ಪ್ರಶ್ನೆಗಳಿಗೂ ಅಳತೆಯ ಏರಿಳಿತಕ್ಕೆ ಸಂಬಂಧಿಸಿದ ಪ್ರಶ್ನೆಗಳಿಗೂ ವೈಲ್ ರೂಪ ಸ್ಪಷ್ಟತೆಯನ್ನು ತರುತ್ತದೆ. ಆಯಾಮವನ್ನು ಬದಲಿಸುತ್ತಿರುವಾಗ ಅದೇ ರೂಪ ಆಯಾಮದ ಭಿನ್ನರಾಶಿಗಳನ್ನು ಎಲ್ಲೆಡೆ ಹರಡಿ ಗೊಂದಲವೆಬ್ಬಿಸುತ್ತದೆ. ಯಂತ್ರದ ಪ್ರಮಾಣ ರೂಪವು ಅಕಾರಾದಿ ಕ್ರಮವನ್ನು ಅನುಸರಿಸುವಂಥದು, ಅರ್ಥದ ಕ್ರಮವನ್ನಲ್ಲ.

ಎರಡನೆಯದು ಚಿಹ್ನೆಗಳ ಒಪ್ಪಂದ. ಮೆಟ್ರಿಕ್ಕಿನ ಚಿಹ್ನೆ, ರೀಮನ್ ಟೆನ್ಸರಿನ ಚಿಹ್ನೆ, ರಿಚ್ಚಿ ಟೆನ್ಸರಿನ ಚಿಹ್ನೆ, ಇವು ಗ್ರಂಥದಿಂದ ಗ್ರಂಥಕ್ಕೆ ಬೇರೆ. ಮಿಸ್ನರ್, ಥಾರ್ನ್ ಮತ್ತು ವೀಲರ್ 1973ರ ತಮ್ಮ ಬೃಹತ್ ಗ್ರಂಥದಲ್ಲಿ ವಿವಿಧ ಲೇಖಕರ ಒಪ್ಪಂದಗಳನ್ನು ಕೋಷ್ಟಕವಾಗಿಯೇ ಕೊಟ್ಟಿದ್ದರು. ವರ್ಗಗಳಲ್ಲಿ ವಕ್ರತೆಯ ಚಿಹ್ನೆ ಅಡಗಿಹೋಗುತ್ತದೆ. ಮೂರು ವಕ್ರತೆಗಳ ಗುಣಲಬ್ಧದಲ್ಲಿ ಅಡಗುವುದಿಲ್ಲ. 209/2880 ಎಂಬಂಥ ಸಹಗುಣಕದ ಮುಂದಿನ ಚಿಹ್ನೆಗೆ ಒಪ್ಪಂದವನ್ನು ಹೇಳದ ಹೊರತು ಅರ್ಥವಿಲ್ಲ.

ಮೂರನೆಯದು, ಉತ್ತರವು ಯಾವುದರ ಮಟ್ಟಿಗೆ ಸರಿ ಎಂಬ ಹೇಳಿಕೆ. ಪೂರ್ಣ ಅವಕಲನಗಳನ್ನು ಕೈಬಿಟ್ಟಿದೆಯೇ, ಕ್ಷೇತ್ರ ಸಮೀಕರಣಗಳನ್ನು ಬಳಸಿದೆಯೇ, ಆಯಾಮವನ್ನು ನಿಗದಿಪಡಿಸಿದೆಯೇ, ಕೋವೇರಿಯಂಟ್ ಅವಕಲನಗಳನ್ನು ಯಾವ ಕ್ರಮದಲ್ಲಿ ಇರಿಸಿದೆ, ಇವುಗಳನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಇವು ಒಂದೊಂದೂ ಸಹಗುಣಕಗಳನ್ನು ಬದಲಿಸಬಲ್ಲವು.

ನಾಲ್ಕನೆಯದು, ಪ್ರೋಗ್ರಾಮನ್ನೂ ಪರೀಕ್ಷೆಗೆ ಬಳಸಿದ ಮೆಟ್ರಿಕ್ಕುಗಳನ್ನೂ ಉತ್ತರದೊಡನೆ ಉಳಿಸುವುದು. ಅಚ್ಚಾದ ಸೂತ್ರವನ್ನು ಓದುಗ ಸ್ವತಃ ಯಂತ್ರಕ್ಕೆ ಹಿಂದಿರುಗಿಸಿ ನೋಡಲು ಸಾಧ್ಯವಾದಾಗ ಮುದ್ರಣದಲ್ಲಿ ನುಸುಳುವ ದೋಷಗಳೂ ಬಯಲಿಗೆ ಬರುತ್ತವೆ. ಸಂಶೋಧನ ಗ್ರಂಥಾಲಯಗಳು ಪ್ರಬಂಧದ ಜೊತೆಗೆ ಈ ಕಡತಗಳನ್ನೂ ಸಂರಕ್ಷಿಸುವುದು ಉಚಿತ.

ಉಪಸಂಹಾರ

ಗಣಕಯಂತ್ರವು ಟೆನ್ಸರ್ ಲೆಕ್ಕಾಚಾರದ ಶ್ರಮವನ್ನು ತಿಂಗಳುಗಳಿಂದ ನಿಮಿಷಗಳಿಗೆ ಇಳಿಸಿದೆ. ಮೂಕ ಸೂಚಿಗಳ ವೇಷಗಳನ್ನು ಅದು ಗ್ರೂಪ್ ಸಿದ್ಧಾಂತದ ಬಲದಿಂದ ಗುರುತಿಸುತ್ತದೆ. ಹಲವು ಪದಗಳ ನಿತ್ಯಸಮೀಕರಣಗಳನ್ನು ಭಂಡಾರಗಳಿಂದ ತೆಗೆದು ಅನ್ವಯಿಸುತ್ತದೆ. ಘಟಕಗಳ ಅರಣ್ಯದಿಂದ ಸಹಗುಣಕಗಳನ್ನು ಹೆಕ್ಕಿಕೊಡುತ್ತದೆ. ಆದರೆ ಯಾವ ನಿತ್ಯಸಮೀಕರಣ ಯಾವಾಗ ಸಲ್ಲುತ್ತದೆ, ಯಾವ ಆಧಾರದಲ್ಲಿ ಉತ್ತರ ಮಾತನಾಡುತ್ತದೆ, ಯಾವ ಪರೀಕ್ಷೆ ನಿಜವಾದ ಪರೀಕ್ಷೆ ಎಂಬ ವಿವೇಕ ಸಂಶೋಧಕನದೇ ಆಗಿ ಉಳಿದಿದೆ. ಬೃಹತ್ತಾದ ಲೆಕ್ಕವೊಂದು ಕೊನೆಗೆ ಒಂದು ಪದ ಮತ್ತು ಒಂದು ಭಿನ್ನರಾಶಿಯಾಗಿ ನಿಂತಾಗ ಅದನ್ನು ಒಪ್ಪಲು, ಅಲ್ಲಗಳೆಯಲು, ಮೂವತ್ತು ವರ್ಷಗಳ ಅನಂತರ ಮತ್ತೆ ತೆರೆದು ನೋಡಲು ಸಾಧ್ಯವಾಗುತ್ತದೆ. ವಿಜ್ಞಾನದಲ್ಲಿ ಫಲಿತಾಂಶ ಎಂಬ ಮಾತಿಗೆ ಇರುವ ಅರ್ಥ ಇದೇ.